ಮೈನಸ್ ಎರಡರಿಂದ ಭಾಗಿಸಿದಾಗ ಪರವಲಯದ ಗರಿಷ್ಠ ಬೆಲೆ ಏನಾಗುತ್ತದೆ?

ಪ್ರಶ್ನೆ: ವೈ = −2ಎಕ್ಸ್² + 12ಎಕ್ಸ್ − 10 ಎಂಬ ಪರವಲಯದ ಗರಿಷ್ಠ ಬೆಲೆಯನ್ನೂ ಶೂನ್ಯತೆಗಳನ್ನೂ, ಅಂದರೆ ವೈ ಸೊನ್ನೆಯಾಗುವ ಎಕ್ಸ್ ಬೆಲೆಗಳನ್ನೂ, ಕಂಡುಹಿಡಿಯಬೇಕಿತ್ತು. ಲೆಕ್ಕ ಹಗುರವಾಗಲೆಂದು ಮೊದಲೇ −2ರಿಂದ ಭಾಗಿಸಿ ಎಕ್ಸ್² − 6ಎಕ್ಸ್ + 5 ಎಂದು ಮಾಡಿಕೊಂಡೆ. ಶೂನ್ಯತೆಗಳು 1 ಮತ್ತು 5 ಎಂದು ಬಂದವು, ಅವು ಸರಿಯಾಗಿವೆ. ಆದರೆ ವರ್ಗ ಪೂರ್ಣಗೊಳಿಸಿದಾಗ −4 ಬಂತು, ಅದೂ ಗರಿಷ್ಠವಲ್ಲ, ಕನಿಷ್ಠ. ಪುಸ್ತಕದ ಕೊನೆಯಲ್ಲಿ ಕೊಟ್ಟಿರುವ ಉತ್ತರ 8. ಒಂದೇ ಹೆಜ್ಜೆ ಒಂದು ಉತ್ತರಕ್ಕೆ ಸರಿಹೋಗಿ ಇನ್ನೊಂದನ್ನು ಕೆಡಿಸುವುದು ಹೇಗೆ? ಅಪವರ್ತನಗಳು ಸಿಗದ ಲೆಕ್ಕಗಳಲ್ಲಿ ಎರಡನ್ನೂ ಒಟ್ಟಿಗೆ ಪಡೆಯುವ ದಾರಿ ಇದೆಯೇ? ಕೊನೆಯದಾಗಿ, ಮೇಲಕ್ಕೆ ಎಸೆದ ಚೆಂಡಿನ ಲೆಕ್ಕದಲ್ಲಿ ಒಂದು ಶೂನ್ಯತೆ −1 ಸೆಕೆಂಡ್ ಎಂದು ಬಂದರೆ ಅದನ್ನು ಹೊಡೆದುಹಾಕಬಹುದೇ?

ಉತ್ತರ: ನಿಮ್ಮ ಲೆಕ್ಕದಲ್ಲಿ ಕೂಡುವ ಕಳೆಯುವ ತಪ್ಪು ಒಂದೂ ಇಲ್ಲ. ತಪ್ಪಾಗಿರುವುದು ಭಾಗಿಸಿದ ಗಳಿಗೆಯಲ್ಲಿ. ಆ ಒಂದು ಹೆಜ್ಜೆಯಲ್ಲಿ ನೀವು ನಿಮಗೆ ಗೊತ್ತಿಲ್ಲದಂತೆಯೇ ಒಂದು ಪರವಲಯವನ್ನು ಬಿಟ್ಟು ಇನ್ನೊಂದನ್ನು ಹಿಡಿದಿದ್ದೀರಿ. ಉತ್ತರಪತ್ರಿಕೆಗಳಲ್ಲಿ ಈ ಎಡವಟ್ಟನ್ನು ನಾನು ಲೆಕ್ಕವಿಲ್ಲದಷ್ಟು ಬಾರಿ ಕಂಡಿದ್ದೇನೆ. ಜಾಣ ವಿದ್ಯಾರ್ಥಿಗಳೇ ಇದನ್ನು ಹೆಚ್ಚಾಗಿ ಮಾಡುತ್ತಾರೆ, ಏಕೆಂದರೆ ಲೆಕ್ಕವನ್ನು ಹಗುರ ಮಾಡಿಕೊಳ್ಳಬೇಕೆಂಬ ಯೋಚನೆ ಬರುವುದು ಅವರಿಗೇ.

ಮೊದಲು ಪದಗಳನ್ನೇ ಸ್ವಲ್ಪ ಗಮನಿಸೋಣ. ಬಹುಪದೋಕ್ತಿಗೆ ಶೂನ್ಯತೆಗಳಿರುತ್ತವೆ, ಸಮೀಕರಣಕ್ಕೆ ಮೂಲಗಳಿರುತ್ತವೆ ಎಂದು ಪಠ್ಯಪುಸ್ತಕ ಹೇಳುತ್ತದೆ. ಒಂದೇ ಸಂಖ್ಯೆಗೆ ಎರಡು ಹೆಸರೇಕೆ ಎಂದು ಬಹಳ ಜನ ಗೊಣಗುತ್ತಾರೆ, ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಆ ಎರಡು ಹೆಸರುಗಳ ನಡುವೆಯೇ. −2ಎಕ್ಸ್² + 12ಎಕ್ಸ್ − 10 ಎಂಬುದು ಒಂದು ಬಹುಪದೋಕ್ತಿ. ಎಕ್ಸ್‌ಗೆ ಒಂದು ಬೆಲೆ ಕೊಟ್ಟರೆ ಅದು ಒಂದು ಬೆಲೆಯನ್ನು ಹಿಂದಿರುಗಿಸುತ್ತದೆ, ಮತ್ತು ಹಾಗೆ ಹಿಂದಿರುಗಿಸಿದ ಬೆಲೆಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಿದಾಗ ಪರವಲಯ ಮೂಡುತ್ತದೆ. −2ಎಕ್ಸ್² + 12ಎಕ್ಸ್ − 10 = 0 ಎಂಬುದಾದರೋ ಒಂದು ಸಮೀಕರಣ, ಅಂದರೆ ಎಕ್ಸ್‌ಗೆ ಹಾಕಿದ ಒಂದು ಷರತ್ತು. ಷರತ್ತಿನ ಎರಡೂ ಬದಿಗಳನ್ನು −2ರಿಂದ ಭಾಗಿಸಿದರೆ ಬಲಬದಿಯಲ್ಲಿರುವ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ಆದ್ದರಿಂದ ಷರತ್ತನ್ನು ಪಾಲಿಸುವ ಎಕ್ಸ್‌ಗಳು ಬದಲಾಗುವುದಿಲ್ಲ. ಆದರೆ ಬಹುಪದೋಕ್ತಿಗೆ ಬಲಬದಿಯೆಂಬುದೇ ಇಲ್ಲ. ಅದನ್ನು ಭಾಗಿಸಿದರೆ ಅದು ಹಿಂದಿರುಗಿಸುವ ಪ್ರತಿಯೊಂದು ಬೆಲೆಯೂ ಅಷ್ಟರಿಂದಲೇ ಭಾಗಗೊಳ್ಳುತ್ತದೆ, ಸೊನ್ನೆಯೊಂದನ್ನು ಬಿಟ್ಟು.

ನಕ್ಷೆಯ ಮೇಲೆ ಇದನ್ನು ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ನಿಮ್ಮ ಮೂಲ ಪರವಲಯದ ಪ್ರತಿ ಬಿಂದುವಿನ ಎತ್ತರವನ್ನು ಅರ್ಧಕ್ಕೆ ಇಳಿಸಿ, ಆಮೇಲೆ ಇಡೀ ರೇಖೆಯನ್ನು ಎಕ್ಸ್ ಅಕ್ಷದ ಮೇಲೆ ತಲೆಕೆಳಗು ಮಾಡಿದಂತೆ ಊಹಿಸಿಕೊಳ್ಳಿ. ಅಕ್ಷದ ಮೇಲೆಯೇ ಕುಳಿತಿರುವ ಎರಡು ಬಿಂದುಗಳು, ಅಂದರೆ 1 ಮತ್ತು 5, ಇದ್ದಲ್ಲೇ ಇರುತ್ತವೆ. 8ರ ಎತ್ತರದಲ್ಲಿದ್ದ ತುದಿ ಮೊದಲು 4ಕ್ಕೆ ಇಳಿದು, ಆಮೇಲೆ ಅಕ್ಷದ ಕೆಳಗೆ −4ಕ್ಕೆ ಹೋಗಿ, ಗರಿಷ್ಠವಾಗಿದ್ದದ್ದು ಕನಿಷ್ಠವಾಗುತ್ತದೆ. ನಿಮಗೆ ಸಿಕ್ಕಿದ −4 ಅದೇ. ಅದನ್ನು −2ರಿಂದ ಗುಣಿಸಿ ಹಿಂದಕ್ಕೆ ತಂದರೆ 8 ಬರುತ್ತದೆ. ಅಷ್ಟು ಮಾಡಿದ್ದರೆ ನಿಮ್ಮ ಉತ್ತರ ಪೂರ್ತಿ ಸರಿಯಾಗಿರುತ್ತಿತ್ತು. ತುದಿಯ ಎಡಬಲದ ಸ್ಥಾನ ಮಾತ್ರ ಎರಡರಲ್ಲೂ 3 ಎಂಬುದನ್ನು ಗಮನಿಸಿ. ಎತ್ತರವನ್ನು ಎಷ್ಟು ಹಿಗ್ಗಿಸಿದರೂ ಕುಗ್ಗಿಸಿದರೂ ಬಿಂದುಗಳು ಪಕ್ಕಕ್ಕೆ ಸರಿಯುವುದಿಲ್ಲ.

ಈ ಮಾತಿನ ಜೊತೆಗೇ ಇನ್ನೊಂದು ಗೊಂದಲವನ್ನೂ ಬಿಡಿಸಿಬಿಡುತ್ತೇನೆ. ನೀವು ಅದನ್ನು ಮಾಡಿಲ್ಲ, ಆದರೆ ಮಾಡುವವರು ಬಹಳ. ಗರಿಷ್ಠ ಬೆಲೆ ಎಷ್ಟು ಎಂದು ಕೇಳಿದಾಗ 3 ಎಂದು ಬರೆಯುತ್ತಾರೆ. ಮೂರು ಎಂಬುದು ಗರಿಷ್ಠ ಬೆಲೆ ಬರುವ ಜಾಗ. ಗರಿಷ್ಠ ಬೆಲೆ 8. ಬೆಟ್ಟದ ತುದಿ ಎಷ್ಟು ಎತ್ತರ ಎಂದು ಕೇಳಿದವರಿಗೆ ಅದು ಎಷ್ಟನೆಯ ಮೈಲಿಯಲ್ಲಿದೆ ಎಂದು ಹೇಳಿದಂತಾಗುತ್ತದೆ.

ಈಗ ಭಾಗಿಸದೆ, ಬಹುಪದೋಕ್ತಿಯನ್ನು ಬಹುಪದೋಕ್ತಿಯಾಗಿಯೇ ಇಟ್ಟುಕೊಂಡು ಕೆಲಸ ಮಾಡೋಣ. ಸೂತ್ರ ಹಾಕುವುದಕ್ಕೆ ಮೊದಲು ಬೆಲೆಗಳನ್ನು ಒಮ್ಮೆ ಕಣ್ಣಾರೆ ನೋಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಎಕ್ಸ್‌ಗೆ 0ಯಿಂದ 6ರವರೆಗೆ ಬೆಲೆ ಕೊಡುತ್ತ ಹೋದರೆ ವೈಯ ಬೆಲೆಗಳು ಕ್ರಮವಾಗಿ −10, 0, 6, 8, 6, 0, −10 ಎಂದು ಬರುತ್ತವೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಅದೇ ಸಾಲು. ಒಂದರಿಂದ ಮುಂದಿನದಕ್ಕೆ ಆಗುವ ಏರಿಳಿತವನ್ನು ಬರೆದುಕೊಂಡರೆ 10, 6, 2, −2, −6, −10 ಎಂದಾಗುತ್ತದೆ. ಪ್ರತಿ ಹೆಜ್ಜೆಯಲ್ಲೂ ಏರಿಕೆ ನಾಲ್ಕು ನಾಲ್ಕು ಕಡಿಮೆಯಾಗುತ್ತ ಬಂದು, ಸೊನ್ನೆಯನ್ನು ದಾಟಿ, ಇಳಿಕೆಯಾಗಿ ತಿರುಗುತ್ತದೆ. ಆ ನಾಲ್ಕು ಎಂಬುದು ಎಕ್ಸ್²ದ ಸಹಗುಣಕವಾದ −2ರ ಎರಡರಷ್ಟು. ಎಕ್ಸ್ ಒಂದೊಂದೇ ಹೆಚ್ಚುವಾಗ ಯಾವ ವರ್ಗ ಬಹುಪದೋಕ್ತಿಯಲ್ಲಾದರೂ ಈ ಎರಡನೆಯ ವ್ಯತ್ಯಾಸ ಸ್ಥಿರವಾಗಿರುತ್ತದೆ. ಸಹಗುಣಕ ಋಣವಾಗಿದ್ದರೆ ಏರಿಕೆ ಎಂದಾದರೊಮ್ಮೆ ಮುಗಿಯಲೇಬೇಕು. ಆದ್ದರಿಂದಲೇ ಅಂಥ ಪರವಲಯಕ್ಕೆ ಗರಿಷ್ಠ ಇದೆ, ಕನಿಷ್ಠ ಇಲ್ಲ. ಸಹಗುಣಕ ಧನವಾಗಿದ್ದರೆ ಇದರ ತಿರುಗುಮುರುಗು.

ತುದಿಯಲ್ಲಿ ನಿಂತು ನೋಡಿದರೆ ಇದೇ ಸಾಲು ಇನ್ನೊಂದು ವಿಷಯವನ್ನು ಹೇಳುತ್ತದೆ. 3ರಲ್ಲಿ ಎತ್ತರ 8. ಅಲ್ಲಿಂದ ಎಡಕ್ಕಾಗಲಿ ಬಲಕ್ಕಾಗಲಿ ಒಂದು ಹೆಜ್ಜೆ ಇಟ್ಟರೆ 2ರಷ್ಟು ಇಳಿಯುತ್ತೇವೆ. ಎರಡು ಹೆಜ್ಜೆ ಇಟ್ಟರೆ 8ರಷ್ಟು. ಮೂರು ಹೆಜ್ಜೆ ಇಟ್ಟರೆ 18ರಷ್ಟು. ಅಂದರೆ ಇಳಿತವು ಹೆಜ್ಜೆಗಳ ವರ್ಗದ ಎರಡರಷ್ಟು. ಈ ಒಂದು ವಾಕ್ಯವನ್ನು ಬೀಜಗಣಿತದಲ್ಲಿ ಬರೆದರೆ

ವೈ = 8 − 2(ಎಕ್ಸ್ − 3)²

ಎಂದಾಗುತ್ತದೆ. ವರ್ಗ ಪೂರ್ಣಗೊಳಿಸುವ ವಿಧಾನದ ಗುರಿ ಬಹುಪದೋಕ್ತಿಯನ್ನು ಈ ರೂಪಕ್ಕೆ ತರುವುದೇ. ಈ ರೂಪ ಕೈಗೆ ಬಂದರೆ ಕೇಳಿದ ಎರಡೂ ಉತ್ತರಗಳು ಅದರಲ್ಲೇ ಇವೆ. ವರ್ಗವು ಎಂದಿಗೂ ಋಣವಾಗುವುದಿಲ್ಲವಾದ್ದರಿಂದ 8ರಿಂದ ಏನನ್ನೋ ಕಳೆಯಬಹುದೇ ಹೊರತು ಅದಕ್ಕೆ ಸೇರಿಸಲು ಬರುವುದಿಲ್ಲ; ಏನನ್ನೂ ಕಳೆಯದಿರುವುದು ಎಕ್ಸ್ = 3 ಆದಾಗ ಮಾತ್ರ; ಹೀಗಾಗಿ ಗರಿಷ್ಠ ಬೆಲೆ 8. ಇನ್ನು ಶೂನ್ಯತೆಯೆಂದರೆ ಇಳಿತವು ಎತ್ತರದಷ್ಟೇ ಆಗುವ ಜಾಗ: 2(ಎಕ್ಸ್ − 3)² = 8, ಆದ್ದರಿಂದ (ಎಕ್ಸ್ − 3)² = 4, ತುದಿಯಿಂದ ಎರಡು ಹೆಜ್ಜೆ ಎಡಕ್ಕೆ 1, ಎರಡು ಹೆಜ್ಜೆ ಬಲಕ್ಕೆ 5. ಗರಿಷ್ಠ ಬೇರೆ ಅಧ್ಯಾಯ, ಶೂನ್ಯತೆ ಬೇರೆ ಅಧ್ಯಾಯ ಎಂದು ಓದಿದವರಿಗೆ ಅವೆರಡೂ ಒಂದೇ ಎತ್ತರವನ್ನು ಎರಡು ಬಗೆಯಲ್ಲಿ ಕೇಳುವ ಪ್ರಶ್ನೆಗಳೆಂದು ತೋರುವುದೇ ಇಲ್ಲ. ನೀವು ಒಂದೇ ದಾರಿ ಇದೆಯೇ ಎಂದು ಕೇಳಿದಿರಿ. ಇದೇ ಆ ದಾರಿ.

ಬೆಲೆಗಳ ಸಾಲನ್ನು ಬರೆಯದೆಯೇ ಈ ರೂಪಕ್ಕೆ ಬರುವ ಬಗೆಯನ್ನು ಈಗ ನಿಧಾನವಾಗಿ ನೋಡೋಣ, ಏಕೆಂದರೆ ಋಣ ಚಿಹ್ನೆಯ ತಪ್ಪು ನುಸುಳುವುದು ಇಲ್ಲೇ. ಮೊದಲ ಎರಡು ಪದಗಳಿಂದ ಮಾತ್ರ −2ನ್ನು ಹೊರಕ್ಕೆ ತೆಗೆಯಿರಿ, ಭಾಗಿಸಿ ಬಿಸಾಡಬೇಡಿ:

ವೈ = −2(ಎಕ್ಸ್² − 6ಎಕ್ಸ್) − 10

ಆವರಣದ ಒಳಗೆ ವರ್ಗ ಪೂರ್ಣವಾಗಬೇಕಾದರೆ 6ರ ಅರ್ಧದ ವರ್ಗ, ಅಂದರೆ 9 ಬೇಕು. ಅರ್ಧವೇ ಏಕೆ ಎಂಬುದಕ್ಕೆ 9ನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್ ಖ್ವಾರಿಜ್ಮಿಯ ಚಿತ್ರ ಇಂದಿಗೂ ಒಳ್ಳೆಯ ವಿವರಣೆ. ಎಕ್ಸ್² + 10ಎಕ್ಸ್ = 39 ಎಂಬ ಲೆಕ್ಕದಲ್ಲಿ ಆತ ಎಕ್ಸ್ ಬಾಹುವಿನ ಒಂದು ಚೌಕವನ್ನು ಎಳೆದು, 10ಎಕ್ಸ್ ಅನ್ನು 5 ಅಗಲದ ಎರಡು ಪಟ್ಟಿಗಳಾಗಿ ಸೀಳಿ ಚೌಕದ ಎರಡು ಬದಿಗೆ ಅಂಟಿಸುತ್ತಾನೆ. ಆಗ ಒಂದು ಮೂಲೆ ಮಾತ್ರ ಖಾಲಿ ಉಳಿಯುತ್ತದೆ; ಅದರ ಕ್ಷೇತ್ರಫಲ 5 × 5 = 25. ಆ ಮೂಲೆಯನ್ನು ತುಂಬಿದರೆ ಇಡೀ ಚೌಕದ ಕ್ಷೇತ್ರಫಲ 39 + 25 = 64, ಬಾಹು 8, ಆದ್ದರಿಂದ ಎಕ್ಸ್ = 3. ಆತ ಋಣಸಂಖ್ಯೆಗಳನ್ನು ಮೂಲಗಳೆಂದು ಒಪ್ಪದ ಕಾರಣ −13 ಎಂಬ ಇನ್ನೊಂದು ಮೂಲ ಅಲ್ಲಿ ಬರುವುದಿಲ್ಲ. ಪಟ್ಟಿಯನ್ನು ಎರಡಾಗಿ ಸೀಳುವುದರಿಂದ ಅರ್ಧ, ಮೂಲೆ ಚೌಕವಾಗಿರುವುದರಿಂದ ವರ್ಗ.

ನಮ್ಮ ಲೆಕ್ಕಕ್ಕೆ ಮರಳೋಣ. ಆವರಣದ ಒಳಗೆ 9ನ್ನು ಸೇರಿಸಿದರೆ ಹೊರಗಿನ −2ರ ದೆಸೆಯಿಂದ ಒಟ್ಟು ಬೆಲೆಗೆ ನಿಜವಾಗಿ ಸೇರಿದ್ದು −18. ಅದನ್ನು ಸರಿದೂಗಿಸಲು ಹೊರಗೆ +18 ಬರೆಯಬೇಕು. ಇಲ್ಲಿ −9 ಎಂದೋ +9 ಎಂದೋ ಬರೆಯುವವರು ಮೂವರಲ್ಲಿ ಒಬ್ಬರಾದರೂ ಸಿಗುತ್ತಾರೆ. ನಾನೂ ವಿದ್ಯಾರ್ಥಿಯಾಗಿದ್ದಾಗ ಬರೆದಿದ್ದೇನೆ. ಸರಿಯಾದ ಸಾಲು ಹೀಗಿದೆ:

ವೈ = −2(ಎಕ್ಸ್² − 6ಎಕ್ಸ್ + 9) + 18 − 10 = −2(ಎಕ್ಸ್ − 3)² + 8

ತಾಳೆ ನೋಡಲು ಎಕ್ಸ್ = 0 ಹಾಕಿ. −2 × 9 + 8 = −10, ಮೂಲ ಬಹುಪದೋಕ್ತಿಯ ಸ್ಥಿರಾಂಕವೂ −10. ಈ ಒಂದು ಪರೀಕ್ಷೆಗೆ ಐದು ಸೆಕೆಂಡ್ ಸಾಕು. ಮೇಲೆ ಹೇಳಿದ ತಪ್ಪನ್ನು ಅದು ಪ್ರತಿ ಸಲವೂ ಹಿಡಿದುಕೊಡುತ್ತದೆ.

ತುದಿಯ ಜಾಗವನ್ನು ಕಂಡುಹಿಡಿಯಲು ಇನ್ನೂ ಚಿಕ್ಕ ಹಾದಿಯೊಂದಿದೆ. ಶೂನ್ಯತೆಗಳು ಗೊತ್ತಿದ್ದರೆ ಅವುಗಳ ಮಧ್ಯಬಿಂದುವೇ ತುದಿಯ ಜಾಗ ಎಂದು ಎಲ್ಲರೂ ಹೇಳುತ್ತಾರೆ. 1 ಮತ್ತು 5ರ ಮಧ್ಯ 3. ಆದರೆ ಶೂನ್ಯತೆಗಳೇ ಇಲ್ಲದಿದ್ದರೆ, ಅಥವಾ ಅವು ಅಭಾಗಲಬ್ಧವಾಗಿದ್ದರೆ ಏನು ಮಾಡುವುದು? ಶೂನ್ಯತೆಗಳೇ ಬೇಕೆಂದಿಲ್ಲ. ಒಂದೇ ಎತ್ತರದಲ್ಲಿರುವ ಯಾವ ಎರಡು ಬಿಂದುಗಳಾದರೂ ಸಾಕು, ಮತ್ತು ಅಂಥ ಎರಡು ಬಿಂದುಗಳು ಯಾವ ಪರವಲಯದಲ್ಲೂ ಪುಕ್ಕಟೆಯಾಗಿ ಸಿಗುತ್ತವೆ. −2ಎಕ್ಸ್² + 12ಎಕ್ಸ್ − 10 ಎಂಬುದರಲ್ಲಿ ಬೆಲೆ −10 ಆಗುವುದು ಯಾವಾಗ? ಮೊದಲ ಎರಡು ಪದಗಳ ಮೊತ್ತ ಸೊನ್ನೆಯಾದಾಗ, ಅಂದರೆ ಎಕ್ಸ್(−2ಎಕ್ಸ್ + 12) = 0 ಆದಾಗ. ಆಗ ಎಕ್ಸ್ = 0 ಅಥವಾ 6. ಇವುಗಳ ಮಧ್ಯ ಮತ್ತೆ 3. ಇದನ್ನೇ ಅಕ್ಷರಗಳಲ್ಲಿ, ಎ·ಎಕ್ಸ್² + ಬಿ·ಎಕ್ಸ್ + ಸಿ ಎಂಬ ಸಾಮಾನ್ಯ ರೂಪಕ್ಕೆ ಮಾಡಿದರೆ, ಬೆಲೆ ಸಿ ಆಗುವುದು ಎಕ್ಸ್ = 0 ಮತ್ತು ಎಕ್ಸ್ = −ಬಿ/ಎ ಆದಾಗ; ಮಧ್ಯಬಿಂದು −ಬಿ/(2ಎ). ಬಾಯಿಪಾಠ ಮಾಡಿದ ಈ ಸೂತ್ರ ಪರೀಕ್ಷೆಯ ದಿನ ಮರೆತುಹೋದರೂ ಎರಡು ಸಾಲಿನಲ್ಲಿ ಮತ್ತೆ ಹುಟ್ಟಿಸಿಕೊಳ್ಳಬಹುದು. ಮುಂದಿನ ತರಗತಿಗಳಲ್ಲಿ ಅವಕಲನ ಕಲಿತಾಗ ಇದೇ ಉತ್ತರ 2ಎ·ಎಕ್ಸ್ + ಬಿ = 0 ಎಂಬುದರಿಂದ ಒಂದೇ ಹೆಜ್ಜೆಯಲ್ಲಿ ಬರುತ್ತದೆ, ಆದರೆ ಪರವಲಯದ ಮಟ್ಟಿಗೆ ಅಷ್ಟು ದೊಡ್ಡ ಉಪಕರಣದ ಅಗತ್ಯವಿಲ್ಲ.

ಇನ್ನು ಅಪವರ್ತನ ಸಿಗದ ಲೆಕ್ಕ. ವೈ = −ಎಕ್ಸ್² + 4ಎಕ್ಸ್ + 3 ಎಂಬುದನ್ನು ತೆಗೆದುಕೊಳ್ಳಿ. ಗುಣಲಬ್ಧ −3, ಮೊತ್ತ 4 ಬರುವ ಎರಡು ಪೂರ್ಣಾಂಕಗಳನ್ನು ಹುಡುಕುತ್ತ ಕುಳಿತರೆ ಹೊತ್ತು ಹೋಗುತ್ತದೆ, ಸಂಖ್ಯೆ ಸಿಗುವುದಿಲ್ಲ. ಬೆಲೆ 3 ಆಗುವ ಜಾಗಗಳು 0 ಮತ್ತು 4; ಮಧ್ಯ 2; ಅಲ್ಲಿ ಬೆಲೆ −4 + 8 + 3 = 7. ಎಕ್ಸ್²ದ ಸಹಗುಣಕ −1 ಆಗಿರುವುದರಿಂದ ವೈ = 7 − (ಎಕ್ಸ್ − 2)². ಇಳಿತ 7 ಆಗಬೇಕಾದರೆ √7 ಹೆಜ್ಜೆ ನಡೆಯಬೇಕು. ಶೂನ್ಯತೆಗಳು 2 − √7 ಮತ್ತು 2 + √7, ದಶಮಾಂಶದಲ್ಲಿ ಸುಮಾರು −0.646 ಮತ್ತು 4.646. ಮೊತ್ತ 4, ಗುಣಲಬ್ಧ 4 − 7 = −3; ಹುಡುಕುತ್ತಿದ್ದ ಸಂಖ್ಯೆಗಳು ಇವೇ, ಪೂರ್ಣಾಂಕಗಳ ನಡುವೆ ಹುಡುಕಿದ್ದರಿಂದ ಸಿಕ್ಕಿರಲಿಲ್ಲ ಅಷ್ಟೆ. ಇಲ್ಲಿ ನಾನು ವರ್ಗಸೂತ್ರವನ್ನು ಬಳಸಲೇ ಇಲ್ಲ ಎಂಬುದನ್ನು ಗಮನಿಸಿ. ಮೊದಲು ತುದಿ, ಆಮೇಲೆ ತುದಿಯಿಂದ ಎಷ್ಟು ದೂರ ಎಂಬ ಕ್ರಮದಲ್ಲಿ ಹೋದರೆ ಶೂನ್ಯತೆಗಳು ತಾವಾಗಿಯೇ ಬರುತ್ತವೆ, ಗರಿಷ್ಠವೂ ದಾರಿಯಲ್ಲೇ ಸಿಕ್ಕಿರುತ್ತದೆ.

ಸಹಗುಣಕಗಳು ಸುಲಭವಾಗಿ ಭಾಗವಾಗದಿದ್ದಾಗ ಮಾತ್ರ ಈ ಕ್ರಮದಲ್ಲಿ ಭಿನ್ನರಾಶಿಗಳು ಕಾಟ ಕೊಡುತ್ತವೆ. ಅದಕ್ಕೆ ಶ್ರೀಧರಾಚಾರ್ಯರ ಉಪಾಯವಿದೆ. ಅವರ ಬೀಜಗಣಿತದ ಗ್ರಂಥ ಇಂದು ಲಭ್ಯವಿಲ್ಲ, ಆದರೆ ಈ ನಿಯಮವನ್ನು 12ನೆಯ ಶತಮಾನದಲ್ಲಿ ಎರಡನೆಯ ಭಾಸ್ಕರಾಚಾರ್ಯರು ಅವರ ಹೆಸರಿನಲ್ಲೇ ಉದ್ಧರಿಸಿದ್ದರಿಂದ ಉಳಿದುಬಂದಿದೆ: ಎರಡೂ ಬದಿಗಳನ್ನು ಎಕ್ಸ್²ದ ಸಹಗುಣಕದ ನಾಲ್ಕರಷ್ಟರಿಂದ ಗುಣಿಸಿ, ಎಕ್ಸ್‌ನ ಮೂಲ ಸಹಗುಣಕದ ವರ್ಗವನ್ನು ಸೇರಿಸಿ. −3ಎಕ್ಸ್² + 5ಎಕ್ಸ್ + 2 = 0 ಎಂಬುದನ್ನು −12ರಿಂದ ಗುಣಿಸಿದರೆ 36ಎಕ್ಸ್² − 60ಎಕ್ಸ್ − 24 = 0. 24ನ್ನು ಆಚೆಗೆ ಕಳಿಸಿ ಎರಡೂ ಬದಿಗೆ 25 ಸೇರಿಸಿದರೆ (6ಎಕ್ಸ್ − 5)² = 49. ಆದ್ದರಿಂದ 6ಎಕ್ಸ್ − 5 ಎಂಬುದು 7 ಅಥವಾ −7; ಎಕ್ಸ್ = 2 ಅಥವಾ −1/3. ಕೊನೆಯ ಸಾಲಿನವರೆಗೆ ಒಂದೂ ಭಿನ್ನರಾಶಿ ಬರಲಿಲ್ಲ. ಆದರೆ ಇಲ್ಲಿಯೂ ನಿಮ್ಮ ಹಳೆಯ ಎಚ್ಚರಿಕೆ ಅನ್ವಯಿಸುತ್ತದೆ. ಗುಣಿಸಿದ್ದು ಸಮೀಕರಣವನ್ನು, ಆದ್ದರಿಂದ ಮೂಲಗಳು ಸರಿ. ಗರಿಷ್ಠ ಬೇಕಾದರೆ −12ರಿಂದ ಹಿಂದಕ್ಕೆ ಭಾಗಿಸಬೇಕು. ಬಹುಪದೋಕ್ತಿ −(1/12)[(6ಎಕ್ಸ್ − 5)² − 49] ಎಂದಾಗಿರುವುದರಿಂದ ಗರಿಷ್ಠ ಬೆಲೆ 49/12, ಅದು ಬರುವುದು ಎಕ್ಸ್ = 5/6ರಲ್ಲಿ.

ಇಲ್ಲಿ ಕಂಡ 49 ಎಂಬುದು ಶೋಧಕ, ಬಿ² − 4·ಎ·ಸಿ. ಶೋಧಕವನ್ನು ಮೂಲಗಳ ಸ್ವಭಾವ ಹೇಳುವ ಸಂಖ್ಯೆ ಎಂದಷ್ಟೇ ಕಲಿಸುವುದು ವಾಡಿಕೆ, ಆದರೆ ತುದಿಯ ಎತ್ತರವೂ ಅದರಲ್ಲೇ ಅಡಗಿದೆ: ತುದಿಯ ಎತ್ತರವೆಂದರೆ ಶೋಧಕವನ್ನು 4ಎಯಿಂದ ಭಾಗಿಸಿ ಚಿಹ್ನೆ ಬದಲಿಸಿದ ಸಂಖ್ಯೆ. ನಿಮ್ಮ ಲೆಕ್ಕದಲ್ಲಿ ಶೋಧಕ 144 − 80 = 64; 64ನ್ನು −8ರಿಂದ ಭಾಗಿಸಿದರೆ −8; ಚಿಹ್ನೆ ಬದಲಿಸಿದರೆ 8. ಎ ಋಣವಾಗಿದ್ದು ಶೋಧಕ ಧನವಾಗಿದ್ದರೆ ತುದಿ ಅಕ್ಷಕ್ಕಿಂತ ಮೇಲಿದೆ, ರೇಖೆ ಕೆಳಗಿಳಿಯುವಾಗ ಅಕ್ಷವನ್ನು ಎರಡು ಕಡೆ ದಾಟಲೇಬೇಕು. ಶೋಧಕ ಸೊನ್ನೆಯಾದರೆ ತುದಿಯೇ ಅಕ್ಷವನ್ನು ಮುಟ್ಟಿ ನಿಲ್ಲುತ್ತದೆ. ಶೋಧಕ ಋಣವಾದರೆ ತುದಿಯೇ ಅಕ್ಷದ ಕೆಳಗಿದೆ, ಇನ್ನು ದಾಟುವ ಮಾತೆಲ್ಲಿ? ಉದಾಹರಣೆಗೆ −ಎಕ್ಸ್² + 2ಎಕ್ಸ್ − 5 ಎಂದರೆ −4 − (ಎಕ್ಸ್ − 1)². ಗರಿಷ್ಠ ಬೆಲೆಯೇ −4. ಶೂನ್ಯತೆಗಳಿಲ್ಲ ಎಂದ ಮಾತ್ರಕ್ಕೆ ಗರಿಷ್ಠವಿಲ್ಲ ಎಂದು ಬರೆದುಬಿಡಬೇಡಿ, ಹಾಗೆ ಬರೆಯುವವರೂ ಇದ್ದಾರೆ. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು 9ನೆಯ ಶತಮಾನದ ಮಹಾವೀರಾಚಾರ್ಯರು ಸ್ಪಷ್ಟವಾಗಿಯೇ ಹೇಳಿದ್ದಾರೆ. ವಾಸ್ತವ ಸಂಖ್ಯೆಗಳ ಒಳಗೆ ಇರುವವರೆಗೆ ಆ ಮಾತು ಅಕ್ಷರಶಃ ನಿಜ.

ಇದೇ ಸಂಬಂಧವನ್ನು ತಿರುಗಿಸಿ ಬಳಸುವ ಒಂದು ಸೊಗಸಾದ ರೀತಿಯಿದೆ, ನನಗೆ ಬಹಳ ಇಷ್ಟವಾದದ್ದು. ಗರಿಷ್ಠ ಬೆಲೆ ಎಷ್ಟು ಎಂದು ಕೇಳುವ ಬದಲು, ಈ ಬಹುಪದೋಕ್ತಿ ಯಾವ ಯಾವ ಬೆಲೆಗಳನ್ನು ಮುಟ್ಟಬಲ್ಲದು ಎಂದು ಕೇಳಿ. −2ಎಕ್ಸ್² + 12ಎಕ್ಸ್ − 10 = ಕೆ ಎಂಬ ಸಮೀಕರಣಕ್ಕೆ ವಾಸ್ತವ ಮೂಲಗಳಿರಬೇಕಾದರೆ 144 − 8(10 + ಕೆ) ಎಂಬ ಶೋಧಕ ಋಣವಾಗಬಾರದು. ಬಿಡಿಸಿದರೆ 64 − 8ಕೆ ಸೊನ್ನೆಗಿಂತ ಕಡಿಮೆಯಿರಬಾರದು, ಅಂದರೆ ಕೆ 8ನ್ನು ಮೀರಬಾರದು. ಒಂದು ಅಡ್ಡಗೆರೆಯನ್ನು ಕೆಳಗಿನಿಂದ ಮೇಲಕ್ಕೆ ಸರಿಸುತ್ತ ಹೋದರೆ ಅದು ಪರವಲಯವನ್ನು ಛೇದಿಸುವ ಎರಡು ಬಿಂದುಗಳು ಹತ್ತಿರ ಹತ್ತಿರ ಬರುತ್ತವೆ. −10ರ ಎತ್ತರದಲ್ಲಿ ಅವು 0 ಮತ್ತು 6, ಸೊನ್ನೆಯ ಎತ್ತರದಲ್ಲಿ 1 ಮತ್ತು 5, 6ರ ಎತ್ತರದಲ್ಲಿ 2 ಮತ್ತು 4, 8ರಲ್ಲಿ ಎರಡೂ ಒಂದಾಗಿ 3. ಅದರ ಮೇಲೆ ಗೆರೆಗೆ ಪರವಲಯ ಸಿಗುವುದಿಲ್ಲ.

ಕೊನೆಗೆ ಚೆಂಡಿನ ಪ್ರಶ್ನೆ. ನಿಮ್ಮ ಲೆಕ್ಕದ ಅಂಕಿಗಳನ್ನು ನೀವು ಕೊಟ್ಟಿಲ್ಲ, ಆದ್ದರಿಂದ −1 ಬರುವಂಥ ಒಂದನ್ನು ನಾನೇ ಕಟ್ಟಿಕೊಳ್ಳುತ್ತೇನೆ. 25 ಮೀಟರ್ ಎತ್ತರದಿಂದ ಒಂದು ಚೆಂಡನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆದರೆ, ಗಾಳಿಯ ತಡೆಯನ್ನು ಬಿಟ್ಟು, ಗುರುತ್ವ ವೇಗೋತ್ಕರ್ಷವನ್ನು 9.8ರ ಬದಲು 10 ಎಂದು ದುಂಡಾಗಿಸಿಕೊಂಡರೆ, ಟಿ ಸೆಕೆಂಡುಗಳ ನಂತರದ ಎತ್ತರ −5ಟಿ² + 20ಟಿ + 25 ಮೀಟರ್. ಬೆಲೆ 25 ಆಗುವುದು 0 ಮತ್ತು 4ರಲ್ಲಿ, ಮಧ್ಯ 2, ಅಲ್ಲಿ ಎತ್ತರ 45. ಆದ್ದರಿಂದ ಎತ್ತರ 45 − 5(ಟಿ − 2)². ಇಳಿತ 45 ಆಗಲು 3 ಸೆಕೆಂಡ್. ಶೂನ್ಯತೆಗಳು −1 ಮತ್ತು 5. ಅಂದಹಾಗೆ, ಚೆಂಡು ಹೋಗಿ ಬರುವುದು ನೆಟ್ಟಗಿನ ಒಂದೇ ಗೆರೆಯಲ್ಲಿ. ಪರವಲಯವಾಗಿರುವುದು ಕಾಲಕ್ಕೆದುರಾಗಿ ಎತ್ತರವನ್ನು ಬರೆದ ನಕ್ಷೆ, ಚೆಂಡಿನ ಹಾದಿಯಲ್ಲ. ಓರೆಯಾಗಿ ಎಸೆದರೆ ಹಾದಿಯೂ ಪರವಲಯವಾಗುತ್ತದೆ ಎಂದು ಗೆಲಿಲಿಯೊ 1638ರಲ್ಲಿ ಪ್ರಕಟವಾದ ತನ್ನ ಕೃತಿಯಲ್ಲಿ ತೋರಿಸಿದ. ಈ ಎರಡು ಪರವಲಯಗಳನ್ನು ಬೆರೆಸಬಾರದು.

ಚೆಂಡು ನೆಲ ಮುಟ್ಟುವುದು ಯಾವಾಗ ಎಂಬ ಪ್ರಶ್ನೆಗೆ ಉತ್ತರ 5 ಸೆಕೆಂಡ್, −1ನ್ನು ಬಿಡಬೇಕು. ಆದರೆ ಋಣಸಂಖ್ಯೆ ಎಂಬ ಕಾರಣಕ್ಕೆ ಬಿಡುವುದಲ್ಲ. ಎತ್ತರದ ಸೂತ್ರ ಅನ್ವಯಿಸುವುದು ಎಸೆದ ಕ್ಷಣದಿಂದ ನೆಲ ಮುಟ್ಟುವ ಕ್ಷಣದವರೆಗೆ ಮಾತ್ರ, −1 ಆ ಅವಧಿಯ ಹೊರಗಿದೆ, ಆದ್ದರಿಂದ ಬಿಡುವುದು. ಉತ್ತರದಲ್ಲಿ ಈ ಕಾರಣವನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಹಾಗೆಂದು −1 ಅರ್ಥಹೀನವೂ ಅಲ್ಲ: ಒಂದು ಸೆಕೆಂಡ್ ಮೊದಲೇ, ನೆಲದಿಂದಲೇ, ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಯಾರಾದರೂ ಚೆಂಡನ್ನು ಎಸೆದಿದ್ದರೆ ಅದು ನಿಮ್ಮ ಕೈಯ ಎತ್ತರವನ್ನು ಸರಿಯಾಗಿ 20 ಮೀಟರ್ ವೇಗದಲ್ಲಿ ದಾಟಿ, ಮುಂದೆ ನಿಮ್ಮ ಚೆಂಡಿನಂತೆಯೇ ಚಲಿಸುತ್ತಿತ್ತು.

ಅವಧಿಯ ಈ ಮಿತಿ ಗರಿಷ್ಠಕ್ಕೂ ಅನ್ವಯಿಸುತ್ತದೆ, ಅದನ್ನು ಮರೆಯುವವರೇ ಹೆಚ್ಚು. ಇದೇ ಚೆಂಡು 3ನೆಯ ಸೆಕೆಂಡಿನಿಂದ 5ನೆಯ ಸೆಕೆಂಡಿನವರೆಗಿನ ಅವಧಿಯಲ್ಲಿ ತಲುಪಿದ ಗರಿಷ್ಠ ಎತ್ತರ ಎಷ್ಟು ಎಂದು ಕೇಳಿದರೆ 45 ಎಂಬ ಉತ್ತರ ತಪ್ಪು, ಏಕೆಂದರೆ ತುದಿ ಬರುವುದು 2ರಲ್ಲಿ; ಆ ಅವಧಿಯುದ್ದಕ್ಕೂ ಚೆಂಡು ಇಳಿಯುತ್ತಲೇ ಇರುವುದರಿಂದ ಗರಿಷ್ಠ ಎತ್ತರ ಅವಧಿಯ ಮೊದಲಲ್ಲೇ ಬರುತ್ತದೆ, 45 − 5 = 40 ಮೀಟರ್. ಇನ್ನು ಚರಾಕ್ಷರ ಪೂರ್ಣಾಂಕವೇ ಆಗಿರಬೇಕಾದ ಲೆಕ್ಕಗಳಲ್ಲಿ, ಅಂದರೆ ಜನರ ಅಥವಾ ವಸ್ತುಗಳ ಎಣಿಕೆಯಲ್ಲಿ, ತುದಿ ಎರಡು ಪೂರ್ಣಾಂಕಗಳ ನಡುವೆ ಬಿದ್ದರೆ ಹತ್ತಿರದ ಪೂರ್ಣಾಂಕವನ್ನು ತೆಗೆದುಕೊಳ್ಳಬೇಕು. ಎಕ್ಸ್(5 − ಎಕ್ಸ್) ಎಂಬುದರ ತುದಿ 2.5ರಲ್ಲಿದೆ, ಎತ್ತರ 6.25, ಎಕ್ಸ್ ಪೂರ್ಣಾಂಕವಾಗಿರಬೇಕಾದರೆ 2 ಮತ್ತು 3 ತುದಿಯಿಂದ ಸಮದೂರದಲ್ಲಿರುವುದರಿಂದ ಎರಡೂ ಸರಿ, ಗರಿಷ್ಠ ಬೆಲೆ 6.